ಉಚಿತ ಕಾನೂನು ನೆರವು: ನಿರಾಶ್ರಿತರಿಗೂ ಬಾಗಿಲು ತೆರೆದಿದೆ

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಸಿಗುವ ಉಚಿತ ಕಾನೂನು ನೆರವಿಗೆ ಸಹಾಯವಾಣಿ 15100. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಅರ್ಜಿ ಕೊಡಬಹುದು. ಬರೆಯಲು ಬಾರದವರು ಬಾಯಿಮಾತಲ್ಲಿ ಹೇಳಿದರೂ ಸಾಕು. ಏಳು ದಿನದೊಳಗೆ ತೀರ್ಮಾನವಾಗಬೇಕು.

ಇದರ ನಿಜವಾದ ಬಲ 12ನೇ ಕಲಂ. ಅಲ್ಲಿರುವುದು 'ವ್ಯಕ್ತಿ' ಎಂಬ ಪದ, 'ನಾಗರಿಕ' ಅಲ್ಲ. ಹಾಗಾಗಿ ಬೈಲಕುಪ್ಪೆಯ ಟಿಬೆಟನ್ ನಿರಾಶ್ರಿತ ಮಹಿಳೆಗೂ ಹಕ್ಕಿದೆ. ಮಹಿಳೆಯರು, ಮಕ್ಕಳು, ಅಂಗವಿಕಲರು, ಬಂಧನದಲ್ಲಿರುವವರಿಗೆ ಆದಾಯ ಮಿತಿಯೇ ಇಲ್ಲ. ಆದರೂ ಆದಾಯ ಪತ್ರ ಕೇಳಿದರೆ ಈ ಕಲಂ ತೋರಿಸಿ.

ಕೊರತೆಯೂ ದೊಡ್ಡದೇ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಪ್ರತ್ಯೇಕ ಕಾಯ್ದೆಯೂ ಇಲ್ಲ. ಗಡೀಪಾರಿನ ಪ್ರಕರಣದಲ್ಲಿ ವಕೀಲರು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ ಕಾಯುವ ಸಂವಿಧಾನದ 21ನೇ ವಿಧಿಯನ್ನೇ ಮುಖ್ಯವಾಗಿ ನೆಚ್ಚಬೇಕು; ಅದರಲ್ಲಿ ಪಳಗಿದವರನ್ನೇ ಕೇಳಿ ಪಡೆಯಿರಿ. ನೇಮಕವಾದ ವಕೀಲರಿಗೆ ಶುಲ್ಕ ಕೊಡಬೇಡಿ. ಕೇಳಿದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.