ಹದಿನಾರು ಚಿಪ್ ಬದಲಿಸಿದೆ ಎಂದ, ಒಂದನ್ನೂ ಮುಟ್ಟಿರಲಿಲ್ಲ

ಹಳೇ ಕಂಪ್ಯೂಟರ್ ಬೋರ್ಡನ್ನು ರಿಪೇರಿಗೆ ಅಂತ ದೂರದೂರಿಗೆ ಪಾರ್ಸೆಲ್ ಮಾಡುವವರು ದಯವಿಟ್ಟು ಇದನ್ನೊಮ್ಮೆ ಓದಿ. ನನ್ನ 9,300 ರೂಪಾಯಿ ಹೋಯಿತು. ಅದಕ್ಕಿಂತ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಆ ಮನುಷ್ಯ ಒಳ್ಳೆಯವನು, ಕೈಗುಣ ಇದೆ ಅಂತ ನಾನೇ ಬಾಯ್ತುಂಬ ಹೊಗಳಿ ಬೇರೆಯವರಿಗೂ ನಂಬರ್ ಕೊಟ್ಟಿದ್ದೆ.

ಬೋರ್ಡು ಬಿಬಿಸಿ ಮೈಕ್ರೋ ಎಂಬ ಬ್ರಿಟಿಷ್ ಕಂಪ್ಯೂಟರಿನದು, ಮಾಡೆಲ್ ಬಿ. 1984ರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಸರ್ಕಾರದ ಕ್ಲಾಸ್ ಯೋಜನೆ ಶುರುವಾದಾಗ ಶಾಲೆಗಳಿಗೆ ಬಂತಲ್ಲ, ಅದೇ. ಅಪ್ಪ ಗಣಿತದ ಮಾಸ್ತರು. ಅದರ ಮೇಲೆ ತಾವೂ ಬೇಸಿಕ್ ಎಂಬ ಪ್ರೋಗ್ರಾಂ ಭಾಷೆ ಕಲಿತು ಮಕ್ಕಳಿಗೂ ಕಲಿಸಿದವರು. ಶಾಲೆಯವರು ಗುಜರಿಗೆ ಹಾಕುವಾಗ ದುಡ್ಡು ಕೊಟ್ಟು ಮನೆಗೆ ತಂದರು. ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಕಡೆ. ಇಲ್ಲಿಯ ಉಪ್ಪುಗಾಳಿಗೆ ಕಿಟಕಿಯ ಸರಳೇ ತುಕ್ಕು ಹಿಡಿದು ಉದುರುತ್ತದೆ.

ದೋಷ ಬಂದು ಹೋಗುವಂಥದ್ದು. ಈ ಯಂತ್ರ ಹಚ್ಚಿದ ಕೂಡಲೇ ಮೊದಲು ಒಂದು ದಪ್ಪ ದನಿ, ಬೆನ್ನಿಗೇ ಸಣ್ಣ ಬೀಪ್ ಬರಬೇಕು. ನಮ್ಮದು ಕೆಲವು ದಿನ ಸರಿಯಾಗಿ ಏಳುತ್ತಿತ್ತು, ಕೆಲವು ದಿನ ಆ ಮೊದಲ ದನಿಯಲ್ಲೇ ನಿಂತು ಒಂದೇ ಸಮ ಕೂಗುತ್ತಿತ್ತು, ಪರದೆ ಖಾಲಿ. ಮಳೆಗಾಲದ ಬೆಳಿಗ್ಗೆ ಜಾಸ್ತಿ. ಇಪ್ಪತ್ತು ನಿಮಿಷ ಹಾಗೇ ಬಿಟ್ಟು ಬೋರ್ಡು ಬಿಸಿಯಾದ ಮೇಲೆ ಆಫ್ ಮಾಡಿ ಹಚ್ಚಿದರೆ ಏನೂ ಆಗಿಲ್ಲವೆಂಬಂತೆ ಏಳುತ್ತಿತ್ತು.

ಬೆಂಗಳೂರಿನ ಒಬ್ಬ ಹಳೇ ಬೋರ್ಡ್ ರಿಪೇರಿಯವನಿಗೆ ಕಳಿಸಿದೆ. ಹೆಸರು ಬರೆಯುವುದಿಲ್ಲ. ವಾರದಲ್ಲಿ ಫೋನ್ ಬಂತು. “ಸಾರ್, ರ‍್ಯಾಮ್ ಪೂರ್ತಿ ಹೋಗಿದೆ, ಹದಿನಾರೂ ಬದಲಿಸಬೇಕು.” ರ‍್ಯಾಮ್ (ಓಡುವಾಗ ಮಾಹಿತಿ ಹಿಡಿದಿಡುವ ಮೆಮೊರಿ ಚಿಪ್ಪು) ಕೆಟ್ಟರೂ ಹಾಗೆ ಕೂಗುವುದುಂಟು, ಹಾಗಾಗಿ ನಂಬಿದೆ. ಪರೀಕ್ಷೆಗೆ 1,200, ಚಿಪ್ಪಿಗೆ 350ರಂತೆ 5,600, ಕೂಲಿ 2,500. ಕೇಳಿದ ದಿನವೇ ಕಳಿಸಿದೆ. ಬೋರ್ಡು ಬಂತು, ಹಚ್ಚಿದೆ, ಎರಡೂ ದನಿ ಬಂದವು. ಅಪ್ಪ ಒಳಗಿನಿಂದ ಎದ್ದು ಬಂದು ನೋಡಿದರು. ಅವತ್ತೇ ಅವನಿಗೆ ದೊಡ್ಡ ಥ್ಯಾಂಕ್ಸ್ ಬರೆದು ಹಾಕಿದೆ.

ಹನ್ನೊಂದನೇ ದಿನ, ಮೊದಲ ದೊಡ್ಡ ಮಳೆ. ಮತ್ತೆ ಅದೇ ಕೂಗು.

ಫೋನ್ ಮಾಡಿದರೆ, “ನಮ್ ಟೇಬಲ್ ಮೇಲೆ ಎಂಟು ಗಂಟೆ ಓಡಿದೆ ಸಾರ್, ವಿಡಿಯೋ ಇದೆ.” ಎರಡನೇ ಸಲ, “ನಿಮ್ ಕಡೆ ಕರೆಂಟ್ ಸರಿ ಇರಲ್ಲ.” ಮೂರನೇ ಸಲ, “ಸಮುದ್ರದ ಹತ್ರ ಇದ್ರೆ ಯಾರೂ ಗ್ಯಾರಂಟಿ ಕೊಡಲ್ಲ. ಬೇಕಿದ್ರೆ ಮತ್ತೆ ಕಳಿಸಿ, ಪರೀಕ್ಷೆ ಚಾರ್ಜ್ ಹೊಸದಾಗಿ ಆಗತ್ತೆ.” ದುಡ್ಡು ತೆಗೆದುಕೊಳ್ಳುವಾಗ ನಾನು ಕಾರವಾರದವನು ಅಂತ ಗೊತ್ತಿರಲಿಲ್ಲವೇ? ಪಾರ್ಸೆಲ್ ಮೇಲೆ ವಿಳಾಸ ಇರಲಿಲ್ಲವೇ?

ಅವತ್ತು ರಾತ್ರಿ ಬೋರ್ಡು ಬಿಚ್ಚಿದೆ. ಕಳಿಸುವ ಮೊದಲು ತೆಗೆದಿದ್ದ ಫೋಟೋ ಫೋನಿನಲ್ಲಿತ್ತು. ಒಂದು ಕೈಯಲ್ಲಿ ಭೂತಗನ್ನಡಿ, ಪಕ್ಕದಲ್ಲಿ ಫೋಟೋ. ಚಿಪ್ಪಿನ ಬೆನ್ನ ಮೇಲೆ ತಯಾರಾದ ವರ್ಷ, ವಾರ ನಾಲ್ಕು ಅಂಕಿಯಲ್ಲಿರುತ್ತದೆ. ಫೋಟೋದಲ್ಲಿ 8431, ಅಂದರೆ 1984ರ 31ನೇ ವಾರ. ಬೋರ್ಡಿನಲ್ಲೂ 8431. ಎರಡನೆಯದು, ಮೂರನೆಯದು, ಎಲ್ಲವೂ ಹಾಗೆಯೇ. ಐದನೆಯದರ ಮೂಲೆ ಸ್ವಲ್ಪ ಒಡೆದಿತ್ತು, ಫೋಟೋದಲ್ಲೂ ಒಡೆದಿತ್ತು. ಕೈ ನಡುಗಿತು. ಬೋರ್ಡು ಮಗುಚಿ ಹಾಕಿದೆ. ಚಿಪ್ಪಿಗೆ ಹದಿನಾರು ಕಾಲು, ಹದಿನಾರು ಚಿಪ್ಪಿಗೆ 256 ಬೆಸುಗೆ. ಅಷ್ಟು ಬಿಚ್ಚಿ ಹಾಕಿದ್ದರೆ ಬೆಸುಗೆ ಹೊಳೆಯಬೇಕು, ಸುತ್ತ ಫ್ಲಕ್ಸ್ (ಬೆಸುಗೆಗೆ ಹಚ್ಚುವ ರಾಳ) ಅಂಟಿರಬೇಕು. ಕಾರ್ಖಾನೆಯ ಮಾಸಲು ಬೆಸುಗೆ ಹಾಗೇ ಇತ್ತು, ಮೇಲೆ ನಮ್ಮ ಮನೆಯದೇ ಧೂಳು. ಒಂದನ್ನೂ ಮುಟ್ಟಿರಲಿಲ್ಲ. ಒಂದನ್ನೂ!

ಹಾಗಾದರೆ ಹನ್ನೊಂದು ದಿನ ಹೇಗೆ ಓಡಿತು? ಇದನ್ನು ಬಿಡಿಸಿ ಹೇಳಿದವರು ಇಲ್ಲಿಯ ಬಜಾರಿನ ಟಿವಿ ರಿಪೇರಿ ಮಾಡುವ ಹಿರಿಯರು. ಬೋರ್ಡಿನ ಕೆಲವು ಚಿಪ್ಪನ್ನು ಬೆಸೆದಿರುವುದಿಲ್ಲ, ಸಾಕೆಟ್ಟಿನಲ್ಲಿ ಒತ್ತಿ ಕೂರಿಸಿರುತ್ತಾರೆ. “ಸಾಕೆಟ್ಟಿನ ಚಿಪ್ ಕಿತ್ತು ಮತ್ತೆ ಒತ್ತಿದ್ದಾನೆ ಮಾರಾಯ. ಕಾಲು ಉಜ್ಜಿದ್ರೆ ಕಿಲುಬು ಹೋಗ್ತದೆ, ನಾಲ್ಕು ದಿನ ಸರಿ ಇರ್ತದೆ.” ಬಂದು ಹೋಗುವ ದೋಷದಲ್ಲಿ ಮೋಸಗಾರನಿಗೆ ಇದೇ ಆಸರೆ. ಏನು ಮಾಡಿದರೂ, ಏನೂ ಮಾಡದಿದ್ದರೂ, ಒಂದಷ್ಟು ದಿನ ಓಡುತ್ತದೆ.

ಅವರು ಹೇಳಿದ ಹಾಗೆ ಕೂತು ಹುಡುಕಿದೆ. ಮೊದಲು ಬೋರ್ಡಿಗೆ ಐದು ವೋಲ್ಟ್ ಬರುತ್ತಿದೆಯೇ ನೋಡಿದೆ, 4.95 ಇತ್ತು, ಸರಿ. ಯಂತ್ರ ಓಡುತ್ತಿರುವಾಗ ಪೆನ್ಸಿಲ್ಲಿನ ಹಿಂಬದಿಯಿಂದ ಒಂದೊಂದೇ ಚಿಪ್ಪನ್ನು ಮೆಲ್ಲಗೆ ಒತ್ತಿದೆ. ಆಪರೇಟಿಂಗ್ ಸಿಸ್ಟಂ ಶಾಶ್ವತವಾಗಿ ಬರೆದಿಟ್ಟ ರೋಮ್ (ROM) ಚಿಪ್ಪು, ಬೋರ್ಡಿನ ಮೇಲೆ ಐಸಿ 51 ಅಂತ ಬರೆದಿದೆ, ಅದರ ಒಂದು ತುದಿ ಒತ್ತಿದೊಡನೆ ಪರದೆ ಕೆಟ್ಟಿತು. ಕರೆಂಟ್ ತೆಗೆದು, ಚಿಪ್ಪಿನ ಕಾಲಿನಿಂದ ಬೋರ್ಡಿನ ಅಡಿಯ ಬೆಸುಗೆಗೆ ಮೀಟರ್ ಹಿಡಿದೆ. ಉಳಿದವೆಲ್ಲ ಸೊನ್ನೆ ಓಮ್, ಅಂದರೆ ಸಂಪರ್ಕ ಗಟ್ಟಿ, ಒಂದು ಕಾಲು ಮಾತ್ರ ಅಲುಗಿದಂತೆಲ್ಲ ಸೊನ್ನೆಯಿಂದ ನಲವತ್ತಕ್ಕೆ ಹಾರುತ್ತಿತ್ತು. ಸಾಕೆಟ್ಟಿನ ಆ ತಗಡು ಕಪ್ಪಾಗಿ ಸಡಿಲವಾಗಿತ್ತು. ಹಳೇ ಸಾಕೆಟ್ ತೆಗೆದು 28 ಕಾಲಿನ ಹೊಸದು ಕೂರಿಸಿದ್ದಕ್ಕೆ ಆದ ಖರ್ಚು ಮೂವತ್ತು ರೂಪಾಯಿ. ಆರು ವಾರ ಮಳೆ ಹೊಡೆದಿದೆ, ದಿನಾ ಬೆಳಿಗ್ಗೆ ಹಚ್ಚಿದ್ದೇನೆ, ಒಮ್ಮೆಯೂ ಕೂಗಿಲ್ಲ.

ಕೊಡಲೇಬೇಕಾದರೆ ಬೋರ್ಡಿನ ಎರಡೂ ಬದಿಯ ಫೋಟೋ, ಅಂಕಿ ಓದುವಷ್ಟು ಹತ್ತಿರದಿಂದ, ತೆಗೆದಿಟ್ಟುಕೊಳ್ಳಿ. ಬಿಚ್ಚಿದ ಚಿಪ್ಪು ವಾಪಸ್ ಬೇಕು ಅಂತ ದುಡ್ಡು ಕೊಡುವ ಮೊದಲೇ ಹೇಳಿ. ಓಡುವ ವಿಡಿಯೋ ಕೇಳಬೇಡಿ, ದೋಷ ಕಾಣುವ ವಿಡಿಯೋ ಕೇಳಿ. ದೋಷವನ್ನು ಕಣ್ಣಾರೆ ನೋಡದವನು ಏನನ್ನು ಸರಿ ಮಾಡುತ್ತಾನೆ?

ಎರಡೂ ಫೋಟೋ ಅವನಿಗೆ ಕಳಿಸಿ, ನನ್ನ ಹಳೇ ಹದಿನಾರು ಚಿಪ್ಪು ಎಲ್ಲಿ ಅಂತ ಕೇಳಿದೆ. “ಹುಡುಗ ಮಾಡಿದ ಕೆಲಸ ಸಾರ್, ವಿಚಾರಿಸ್ತೀನಿ” ಅಂದ. ಆಮೇಲೆ ಬರೆದದ್ದಕ್ಕೆಲ್ಲ ನೀಲಿ ಗೆರೆ ಮಾತ್ರ. ನನ್ನ ಮಾತು ನಂಬಿ ಅಂಕೋಲೆಯ ಗೆಳೆಯನೂ ಅವನಿಗೆ ಬೋರ್ಡ್ ಕಳಿಸಿದ್ದ. ಅವನಿಗೂ “ರ‍್ಯಾಮ್ ಪೂರ್ತಿ ಹೋಗಿದೆ” ಅಂತಲೇ ಫೋನ್ ಬಂದಿದೆಯಂತೆ. ದುಡ್ಡು ಹಾಕಬೇಡ, ಮೊದಲು ಬೋರ್ಡು ವಾಪಸ್ ತರಿಸಿಕೋ ಅಂತ ನಿನ್ನೆ ರಾತ್ರಿ ಅವನಿಗೆ ಹೇಳಿದ್ದೇನೆ.