ಫಸ್ಟ್ ಪಿಯುನಲ್ಲಿ ಎಡವಿದವರಿಗೆ ಕಾಮನ್ ಆ್ಯಪ್ ಎಷ್ಟು ಅನುಕೂಲ?

ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವ ಕಾಮನ್ ಆ್ಯಪ್ ಪ್ರತಿ ಆಗಸ್ಟ್ 1ಕ್ಕೆ ಹೊಸ ವರ್ಷದ ಅರ್ಜಿ ತೆರೆಯುತ್ತದೆ. ಖಾತೆ ಪುಕ್ಕಟೆ. 20 ಕಾಲೇಜುಗಳವರೆಗೆ ಹಾಕಬಹುದು, ಆಯಾ ಕಾಲೇಜಿನ ಶುಲ್ಕ ಬೇರೆ. ಬಳ್ಳಾರಿ, ಕೊಪ್ಪಳದ ಕಡೆ ಪಿಯು ಓದುತ್ತಿರುವವರ ಕಣ್ಣಿಂದ ನೋಡಿದರೆ ಐದಕ್ಕೆ ಮೂರೂವರೆ ಕೊಡಬಹುದು.

ಸಿಇಟಿ ರ‍್ಯಾಂಕಿಗೆ ಫಸ್ಟ್ ಪಿಯು ಅಂಕ ಲೆಕ್ಕಕ್ಕಿಲ್ಲ. ಅಮೆರಿಕದಲ್ಲಿ ಹಾಗಲ್ಲ, ಒಂಬತ್ತನೇ ತರಗತಿಯಿಂದಲೇ ಅಂಕ ನೋಡುತ್ತಾರೆ. ಒಂದು ವರ್ಷ ಬಿದ್ದು ಮುಂದಿನ ವರ್ಷ ಎದ್ದಿದ್ದರೆ ಅದಕ್ಕೂ ಬೆಲೆಯಿದೆ. ತೊಡಕು ಇರುವುದು ನಮ್ಮ ಕ್ಯಾಲೆಂಡರಿನಲ್ಲಿ. ಹೆಚ್ಚಿನ ಕಾಲೇಜುಗಳ ಕೊನೆ ದಿನ ಜನವರಿ ಮೊದಲ ವಾರದ ಆಸುಪಾಸು, ತೀರ್ಮಾನ ಮಾರ್ಚ್ ಕೊನೆಗೆ; ಸೆಕೆಂಡ್ ಪಿಯು ಫಲಿತಾಂಶ ಬರುವುದು ಏಪ್ರಿಲ್‌ಗೆ. ಹಾಗಾಗಿ ಅರ್ಜಿ ಹಾಕುವಾಗ ಸುಧಾರಿಸಿದ್ದಕ್ಕೆ ಸಾಕ್ಷಿ ಮಿಡ್ ಟರ್ಮ್ ಅಂಕ ಮಾತ್ರ. ಅದನ್ನು ನಿಮ್ಮ ಪಿಯು ಕಾಲೇಜಿನ ಲೆಟರ್‌ಹೆಡ್ ಮೇಲೆ ಸೀಲು, ಸಹಿ ಸಮೇತ ಬರೆಸಿಕೊಳ್ಳಿ. ಪ್ರಿಪರೇಟರಿ ಅಂಕ ಆಮೇಲೆ, ಪಿಯು ಕಾಲೇಜು ವರ್ಷದ ನಡುವೆ ಕಳಿಸುವ ಮಿಡ್-ಇಯರ್ ರಿಪೋರ್ಟಿನಲ್ಲಿ ಹೋಗಲಿ.

ಕಾರಣ ಹೇಳಲು ಅರ್ಜಿಯಲ್ಲೇ ಜಾಗವಿದೆ: ಕಷ್ಟ, ಪರಿಸ್ಥಿತಿ ತಿಳಿಸಲು 250 ಪದ, ಹೆಚ್ಚುವರಿ ಮಾಹಿತಿಗೆ 300 (ಮೊದಲು 650 ಇತ್ತು, 2025ರಲ್ಲಿ ಇಳಿಸಿದರು). ನಾಲ್ಕು ಸಾಲು ಧಾರಾಳ ಸಾಕು. "ಸೆಪ್ಟೆಂಬರ್‌ನಲ್ಲಿ ಡೆಂಗಿ, ಐದು ವಾರ ಗೈರು, ಫಿಸಿಕ್ಸ್ 41, ಈ ವರ್ಷ ಮಿಡ್ ಟರ್ಮ್‌ನಲ್ಲಿ 78" ಅಂದರೆ ಮುಗಿಯಿತು. ಮುಖ್ಯ ಪ್ರಬಂಧದ 650 ಪದವನ್ನೂ ಇದೇ ಗೋಳಿಗೆ ಸುರಿಯಬೇಡಿ. ಹೇಳುವಂಥ ಕಾರಣವೇ ಇಲ್ಲವೆಂದರೆ ಖಾಲಿ ಬಿಡಿ, ಕಟ್ಟುಕತೆ ಬೇಡ.

ಹೆಚ್ಚಿನವರು ಕೆಡಿಸಿಕೊಳ್ಳುವುದು ಜಿಪಿಎ (ಅಮೆರಿಕದಲ್ಲಿ ಸಾಮಾನ್ಯವಾಗಿ ನಾಲ್ಕಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) ಕಾಲಮ್ಮಿನಲ್ಲಿ. ನೆಟ್ಟಿನಲ್ಲಿ ಸಿಕ್ಕ ಸೂತ್ರ ಹಿಡಿದು 62 ಪರ್ಸೆಂಟನ್ನು ನಾಲ್ಕರ ಲೆಕ್ಕಕ್ಕೆ ಇಳಿಸಿದರೆ 2.5 ಆಗಿ ಕೂರುತ್ತದೆ. ನಮ್ಮಲ್ಲಿ 60 ದಾಟಿದರೆ ಫಸ್ಟ್ ಕ್ಲಾಸ್, 85ಕ್ಕೆ ಡಿಸ್ಟಿಂಕ್ಷನ್. ಅಮೆರಿಕದ ಶಾಲೆಗಳಲ್ಲಿ 62 ಅಂದರೆ ಪಾಸಿನ ಅಂಚು. ಪರಿವರ್ತಿಸಲೇಬೇಡಿ, ಅಂಕ ಇದ್ದ ಹಾಗೇ ಇರಲಿ. ಈ ದರ್ಜೆಗಳ ವಿವರ, ಎಸ್ಸೆಸ್ಸೆಲ್ಸಿ 625ಕ್ಕೆ, ಪಿಯು 600ಕ್ಕೆ ಅನ್ನುವುದು, ಎರಡೂ ನಿಮ್ಮ ಪಿಯು ಕಾಲೇಜು ಕಳಿಸುವ ಒಂದು ಪುಟದ ಸ್ಕೂಲ್ ಪ್ರೊಫೈಲಿನಲ್ಲಿರಬೇಕು.

ಕಳೆದ ಒಂದೂವರೆಯಲ್ಲಿ ಅರ್ಧ ಅಂಕ ಕೌನ್ಸೆಲರ್ (ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವ ಶಾಲಾ ಸಿಬ್ಬಂದಿ) ವಿಭಾಗಕ್ಕೆ. ಸ್ಕೂಲ್ ರಿಪೋರ್ಟು, ಅಂಕಪಟ್ಟಿ, ಶಿಫಾರಸು ಪತ್ರ ಎಲ್ಲವನ್ನೂ ಪಿಯು ಕಾಲೇಜೇ ಏರಿಸಬೇಕು, ನಮ್ಮ ಕಡೆ ಪಿಯು ಕಾಲೇಜುಗಳಲ್ಲಿ ಕೌನ್ಸೆಲರ್ ಅನ್ನುವ ಹುದ್ದೆ ಇರುವುದೇ ಅಪರೂಪ. ಆ ಜಾಗದಲ್ಲಿ ಪ್ರಿನ್ಸಿಪಾಲರ ಹೆಸರು ಕೊಡಿ, ಸಾಧ್ಯವಾದರೆ ಕಾಲೇಜಿನ ಅಧಿಕೃತ ಇಮೇಲ್ ಹಾಕಿ. ಮೊದಲು ಫೆರ್ಪಾ (ವಿದ್ಯಾರ್ಥಿ ದಾಖಲೆಗಳ ಗೋಪ್ಯತೆಯ ಅಮೆರಿಕದ ಕಾನೂನು) ಒಪ್ಪಿಗೆಗೆ ಸಹಿ ಮಾಡದಿದ್ದರೆ ಅವರಿಗೆ ಇಮೇಲ್ ಆಹ್ವಾನವೇ ಹೋಗುವುದಿಲ್ಲ. ಹೋದದ್ದು ಸ್ಪ್ಯಾಮಿನಲ್ಲೂ ಬಿದ್ದಿರಬಹುದು. ಬೇಸತ್ತು ಕಂಪ್ಯೂಟರ್ ಸೆಂಟರಿನಲ್ಲಿ ಪ್ರಿನ್ಸಿಪಾಲರ ಹೆಸರಲ್ಲಿ ಬೇರೆ ಇಮೇಲ್ ಮಾಡಿ ತಾವೇ ತುಂಬಿದರೆ ಅದು ಫೋರ್ಜರಿ, ಸಿಕ್ಕಿಬಿದ್ದರೆ ಕೊಟ್ಟ ಸೀಟೂ ಹೋಗುತ್ತದೆ.

ಒಂಬತ್ತು, ಹತ್ತನೇ ತರಗತಿಯ ದಾಖಲೆ ಹಳೇ ಹೈಸ್ಕೂಲಿನಲ್ಲಿರುತ್ತದೆ. ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಬೇಕು. ಇದನ್ನೆಲ್ಲ ದಸರಾ ರಜೆ ಮುಗಿದ ಕೂಡಲೇ ಜೋಡಿಸಿ ಪ್ರಿನ್ಸಿಪಾಲರ ಟೇಬಲ್ಲಿಗೆ ಮುಟ್ಟಿಸಿ. ಡಿಸೆಂಬರ್‌ನಲ್ಲಿ ಅವರು ಪ್ರಿಪರೇಟರಿ ತಯಾರಿಯಲ್ಲಿರುತ್ತಾರೆ, ಕೈಗೆ ಸಿಗುವುದಿಲ್ಲ.