ಕಾಳಿ ಅಳಿವೆಯಲ್ಲಿ ಅಲ್ಯುಮಿನಿಯಂ ಬೋಟ್: ಕೆಲವು ಮಳೆಗಾಲ ಕಳೆದ ಮೇಲೆ

ಕಾರವಾರದಲ್ಲಿ ನನ್ನ ಅಲ್ಯುಮಿನಿಯಂ ಬೋಟ್ ನೋಡಿದವರು ಮೊದಲು ಕೇಳುವುದು ಒಂದೇ ಮಾತು: "ಇದು ಉಪ್ಪುನೀರಿಗೆ ತಡೀತದಾ?" ತಡೆಯುತ್ತದೆ. ಆದರೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ನೀವು ಬೋಟನ್ನು ಎಲ್ಲಿ ನಿಲ್ಲಿಸುತ್ತೀರಿ? ಜೆಟ್ಟಿಯಿಂದ ಹೊರಟು ಜೆಟ್ಟಿಗೇ ಮರಳುವವರಾದರೆ ಫೈಬರ್ ಬೋಟ್ ಸಾಕು, ದುಡ್ಡೂ ಉಳಿಯುತ್ತದೆ. ಮರಳು, ಕಲ್ಲು, ಕಾಂಡ್ಲಾ ಬೇರು, ಸಿಂಪಿ ಹತ್ತಿದ ಬಂಡೆ, ಇಂಥ ಕಡೆ ಮೂತಿ ತಾಗಿಸಿ ಜನರನ್ನು ಇಳಿಸುವವರಿಗೆ ಮಾತ್ರ ಅಲ್ಯುಮಿನಿಯಂ.

ನನ್ನದು 6 ಮೀಟರ್ ಉದ್ದದ ಬೋಟ್. ತಳಕ್ಕೆ 5 ಮಿಲಿಮೀಟರ್, ಪಕ್ಕಕ್ಕೆ 4 ಮಿಲಿಮೀಟರ್ ತಗಡು, ಎಲ್ಲ 5083 ಗ್ರೇಡ್. ಹಿಂದೆ 100 ಎಚ್‌ಪಿಯ ನಾಲ್ಕು ಸ್ಟ್ರೋಕ್ ಔಟ್‌ಬೋರ್ಡ್ ಮೋಟರ್. ಗಾಳ ಹಾಕುವವರನ್ನೂ ಹಕ್ಕಿ ನೋಡುವವರನ್ನೂ ಕಾಳಿಯ ಹಿನ್ನೀರಿಗೆ ಕರೆದೊಯ್ಯುವುದು ಇದರ ಕೆಲಸ. ಸಮುದ್ರ ಶಾಂತವಾಗಿದ್ದಾಗ ಕೂರ್ಮಗಡ ದ್ವೀಪದ ಕಡೆಗೂ ಹೋಗುತ್ತೇವೆ.

ಈ 5083 ಅನ್ನುವುದು ಸುಮ್ನೆ ಒಂದು ನಂಬರ್ ಅಲ್ಲ. ಇದರಲ್ಲಿ ಶೇ. 4ಕ್ಕಿಂತ ಸ್ವಲ್ಪ ಹೆಚ್ಚು ಮೆಗ್ನೀಸಿಯಂ ಇರುತ್ತದೆ, ಉಪ್ಪುನೀರಿಗೆಂದೇ ಬಳಸುವ ಮಿಶ್ರಲೋಹ ಇದು. ಮೇಲೆ ಗೀರು ಬಿದ್ದರೆ ಗಾಳಿಗೆ ತಾಗಿದ ಕೂಡಲೇ ತೆಳುವಾದ ಆಕ್ಸೈಡ್ ಪದರ ಮತ್ತೆ ಕಟ್ಟಿಕೊಳ್ಳುತ್ತದೆ. ಹಾಗಾಗಿ ನೀರಿನ ಮೇಲಿನ ಭಾಗಕ್ಕೆ ಬಣ್ಣವೇ ಬೇಡ. ನಾನು ಬಳಿದಿಲ್ಲ. ಬೂದು ಬಣ್ಣಕ್ಕೆ ತಿರುಗಿದೆ, ಅಷ್ಟೇ. ತಳದಲ್ಲಿ ಎರಡು ಕಡೆ ತಗ್ಗು ಬಿದ್ದಿದೆ. ಸದಾಶಿವಗಡದ ಕೆಳಗೆ, ಇಳಿತದ ಹೊತ್ತಿಗೆ ನೀರೊಳಗೆ ಮುಚ್ಚಿದ್ದ ಬಂಡೆಗೆ ತಾಗಿದ್ದು. ಕೈಯಿಟ್ಟು ಸವರಿದರೆ ತಗ್ಗು ಗೊತ್ತಾಗುತ್ತದೆ, ಬಿರುಕು ಮಾತ್ರ ಇಲ್ಲ. ಒಂದು ಹನಿ ನೀರೂ ಒಳಗೆ ಬಂದಿಲ್ಲ.

ಬೈತಖೋಲ ಬಂದರಿನ ಹಿರಿಯ ತಂಡೇಲರೊಬ್ಬರು (ದೋಣಿ ನಡೆಸುವ ಮುಖ್ಯಸ್ಥರು) ಆ ತಗ್ಗನ್ನು ನೋಡಿ ಹೇಳಿದ ಮಾತು ಸರಿಯಾಗಿತ್ತು. "ತಮ್ಮಾ, ನಿಂದು ತಗ್ಗು ಬೀಳ್ತದೆ, ನಮ್ಮದು ಒಡೀತದೆ. ಆದ್ರೆ ನಮ್ಮದು ಒಡೆದ್ರೆ ನಾವೇ ಮುಚ್ತೇವೆ. ನಿಂದು ಒಡೆದ್ರೆ ಯಾರನ್ನ ಕರೀತೀಯ?"

ಇದೇ ದೊಡ್ಡ ವಿಷಯ. ಫೈಬರ್ ಒಡೆದರೆ ಮ್ಯಾಟ್, ರೆಸಿನ್ ತಂದು ಬಂದರಿನಲ್ಲೇ ಪ್ಯಾಚ್ ಹಾಕುತ್ತಾರೆ, ಮರುದಿನ ನೀರಿಗೆ ಇಳಿಸುತ್ತಾರೆ. ಅಲ್ಯುಮಿನಿಯಂ ಬೆಸುಗೆ ಹಾಗಲ್ಲ. ಲೋಹ ಕರಗುವುದು 660 ಡಿಗ್ರಿಯೊಳಗೇ, ಅದರ ಮೇಲಿನ ಆಕ್ಸೈಡ್ ಕರಗಲು 2000 ಡಿಗ್ರಿ ದಾಟಬೇಕು. ಆ ಪದರವನ್ನು ಉಜ್ಜಿ ತೆಗೆದು, ಒಣಗಿಸಿ, ಆರ್ಗಾನ್ ಗ್ಯಾಸ್ ಹರಿಸುತ್ತ, ಸರಿಯಾದ ತಂತಿ ಹಾಕಿ ಬೆಸೆಯಬೇಕು. ಗೇಟು, ಗ್ರಿಲ್ ಮಾಡುವ ವೆಲ್ಡರ್ ಕೈಯಲ್ಲಿ ಇದು ಆಗುವುದಿಲ್ಲ. ಮೋಟರ್ ಕೂರುವ ಹಿಂಬದಿಯ ಮೂಲೆಯಲ್ಲಿ ನನಗೆ ಒಂದು ಕೂದಲೆಳೆಯ ಬಿರುಕು ಕಾಣಿಸಿತು. ಬೆಸೆಯುವವರು ಗೋವಾದಿಂದ ಬರಬೇಕಾಯಿತು. ಅವರ ಡೇಟ್ ಸಿಗುವವರೆಗೆ ಬೋಟ್ ದಡದಲ್ಲೇ ಕೂತಿತ್ತು, ಅದೂ ಡಿಸೆಂಬರ್ ಸೀಸನ್‌ನಲ್ಲಿ. ಬೋಟಿನಿಂದ ಹೊಟ್ಟೆ ಹೊರೆಯುವವರು ಈ ನಷ್ಟವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ತುಕ್ಕಿನ ವಿಷಯ. ಕಬ್ಬಿಣದ ಕೆಂಪು ತುಕ್ಕು ಇಲ್ಲಿ ಬರುವುದಿಲ್ಲ, ಬರುವುದು ಬಿಳಿ ಪುಡಿ. ಮುಂದಿನ ಕಂಬಿಗೆ ಹಾಕಿದ ಸ್ಟೀಲ್ ಬೋಲ್ಟ್ ಸುತ್ತ ಅದನ್ನು ಮೊದಲು ಕಂಡೆ. ಉಗುರಿನಿಂದ ಕೆರೆದರೆ ಉದುರಿತು, ಕೆಳಗೆ ಸೂಜಿ ಚುಚ್ಚಿದಂಥ ಗುಂಡಿಗಳು. ಉಪ್ಪುನೀರಿನಲ್ಲಿ ಎರಡು ಬೇರೆ ಲೋಹ ಒಂದಕ್ಕೊಂದು ತಾಗಿದರೆ ಸಣ್ಣ ಬ್ಯಾಟರಿಯೇ ಆಗಿಬಿಡುತ್ತದೆ, ಅದರಲ್ಲಿ ಸವೆಯುವುದು ಅಲ್ಯುಮಿನಿಯಂ. ಈಗ ಪ್ರತಿ ಬೋಲ್ಟ್ ಕೆಳಗೂ ನೈಲಾನ್ ವಾಷರ್, ಸುತ್ತ ಲೋಹಕ್ಕೆ ಲೋಹ ತಾಗದಂತೆ ತಡೆಯುವ ಪೇಸ್ಟ್. ಅಲ್ಲಿಂದೀಚೆಗೆ ಪುಡಿ ಕಂಡಿಲ್ಲ.

ತಾಮ್ರ ಇನ್ನೂ ಅಪಾಯ. ಚಿಪ್ಪು ಹತ್ತಬಾರದೆಂದು ದೋಣಿಯ ತಳಕ್ಕೆ ಬಳಿಯುವ ತಾಮ್ರದ ಬಣ್ಣವನ್ನು ಇದಕ್ಕೆ ತಾಗಿಸಲೇಬಾರದು. ಅಂಗಡಿಯವರು ಕೊಟ್ಟೇ ಕೊಡುತ್ತಾರೆ, ನೀವೇ ಕೇಳಿ ಬೇಡ ಅನ್ನಬೇಕು. ಇನ್ನೊಂದು ನಮ್ಮ ಕಡೆಯದ್ದೇ ತೊಂದರೆ. ಕಾಳಿ ದಾಟುವಾಗ ಹಿರಿಯರು ಕೈಮುಗಿದು ಹೊಳೆಗೆ ನಾಣ್ಯ ಹಾಕುತ್ತಾರೆ. ಗಾಳಿಗೆ ಕೈತಪ್ಪಿದ ಹತ್ತು ರೂಪಾಯಿ ನಾಣ್ಯ ಹಲಗೆಯ ಸಂದಿಯಿಂದ ಜಾರಿ ತಳಕ್ಕೆ ಹೋಗಿ ಕೂರುತ್ತದೆ. ಅದರಲ್ಲಿ ತಾಮ್ರ ಇರುತ್ತದೆ. ಉಪ್ಪುನೀರಿನಲ್ಲಿ ಹಾಗೇ ಬಿಟ್ಟರೆ ಕೆಳಗಿನ ತಗಡನ್ನು ತೂತು ಮಾಡುವಷ್ಟು ತಿನ್ನಬಲ್ಲದು. ಅವರ ಭಕ್ತಿಗೆ ಅಡ್ಡ ಬರುವುದು ಬೇಡ. ಪ್ರತಿ ವಾರ ಹಲಗೆ ಎತ್ತಿ ಟಾರ್ಚ್ ಹಾಕಿ ನೋಡುತ್ತೇನೆ, ಸಿಕ್ಕಿದ ನಾಣ್ಯವನ್ನು ಹೊಳೆಗೇ ಹಾಕುತ್ತೇನೆ.

ತಳಕ್ಕೆ ಕಟ್ಟುವ ಆನೋಡ್, ಅಂದರೆ ಬೋಟಿನ ಬದಲು ತಾನೇ ಸವೆಯುವ ಲೋಹದ ತುಂಡು, ಅದರ ವಿಷಯದಲ್ಲೂ ಜಾಗ ನೋಡಬೇಕು. ಅಳಿವೆಯಲ್ಲಿ ಉಪ್ಪು, ಮೇಲೆ ಕದ್ರಾ ಕಡೆ ಹೋದಂತೆ ಸಿಹಿ. ಸಿಹಿನೀರಿನಲ್ಲಿ ಸತುವಿನ ಆನೋಡ್ ಕೆಲಸ ನಿಲ್ಲಿಸಿಬಿಡುತ್ತದೆ, ಮೆಗ್ನೀಸಿಯಂನದ್ದು ಉಪ್ಪುನೀರಿನಲ್ಲಿ ಬೇಗ ಕರಗಿಹೋಗುತ್ತದೆ. ಎರಡೂ ಬೆರೆತ ಹೊಳೆಗೆ ಅಲ್ಯುಮಿನಿಯಂ ಆನೋಡೇ ಸರಿ. ವಿದ್ಯುತ್ ಕೆಲಸವನ್ನಂತೂ ಎದುರು ನಿಂತು ಮಾಡಿಸಿ. ಬೈಕಿಗೆ ಕೊಡುವ ಹಾಗೆ ಬಾಡಿ ಅರ್ತ್ ಕೊಟ್ಟು ಲೈಟ್ ಜೋಡಿಸಿ ಹೋದವರೊಬ್ಬರಿದ್ದರು. ಹೊಸ ಆನೋಡ್ ಕೆಲವೇ ವಾರಗಳಲ್ಲಿ ಅರ್ಧ ಕರಗಿತ್ತು. ಪ್ರತಿ ಲೈಟಿಗೂ ಪಂಪಿಗೂ ಎರಡು ವೈರ್ ಎಳೆದು ಬ್ಯಾಟರಿಗೇ ತರಬೇಕು, ಬೋಟಿನ ಮೈಯಲ್ಲಿ ಕರೆಂಟ್ ಹರಿಯಬಾರದು.

ಓಡಿಸುವ ಸುಖ ಹೇಗೆ? ಬೆಳಿಗ್ಗೆ ಹತ್ತರವರೆಗೆ ಚೆನ್ನಾಗಿದೆ. ಮಧ್ಯಾಹ್ನ ಪಡುವಣ ಗಾಳಿ ಎದ್ದ ಮೇಲೆ ಸಣ್ಣ ಅಲೆಗಳಿಗೆ ತಳ ಖಾಲಿ ಡಬ್ಬದ ಹಾಗೆ ಬಡಿಯುತ್ತದೆ, ಮಾತು ಕೇಳುವುದಿಲ್ಲ. ಹಗುರವಾದ್ದರಿಂದ ನಿಲ್ಲಿಸಿದಾಗ ಗಾಳಿ ಪಕ್ಕಕ್ಕೆ ತಳ್ಳುತ್ತದೆ. ಏಪ್ರಿಲ್ ಬಿಸಿಲಿಗೆ ಬರಿಗಾಲು ಇಡಲಾಗದು, ಫೋಮ್ ಮ್ಯಾಟ್ ಹಾಸಲೇಬೇಕು. ಥ್ರಾಟಲ್ ಪೂರ್ತಿ ಕೊಟ್ಟರೆ ಗಂಟೆಗೆ 30 ಲೀಟರ್ ದಾಟುತ್ತದೆ. ನಾನು ಯಾವತ್ತೂ ಪೂರ್ತಿ ಕೊಡುವುದಿಲ್ಲ.

ಮಳೆಗಾಲದಲ್ಲಿ ಬೋಟ್ ಮನೆ ಪಕ್ಕದ ಟ್ರೇಲರ್ ಮೇಲೆ. ತಾಡಪತ್ರಿ ಮೈಗೆ ಅಂಟದಂತೆ ಬಿದಿರು ಕಟ್ಟಿ, ಹಿಂಬದಿ ತಗ್ಗಿಸಿ, ಡ್ರೈನ್ ಪ್ಲಗ್ ತೆಗೆದು ಇಡುತ್ತೇವೆ. ಒದ್ದೆ ಫೋಮ್, ಒದ್ದೆ ಮರ ತಗಡಿಗೆ ಒತ್ತಿಕೊಂಡು ತಿಂಗಳುಗಟ್ಟಲೆ ಇದ್ದರೆ ಅಲ್ಲೇ ಗುಂಡಿ ಬೀಳುತ್ತದೆ.

ಇಂಥ ಬೋಟ್ ಕೊಳ್ಳುವವರು ಯಾರು ಅಂತ ನೋಡಿದರೆ ಇದರ ಗುಣ ಅರ್ಥವಾಗುತ್ತದೆ. ನ್ಯೂಜಿಲೆಂಡಿನ ದಕ್ಷಿಣ ತುದಿಯ ಇನ್ವರ್‌ಕಾರ್ಗಿಲ್‌ನಲ್ಲಿ 1987ರಲ್ಲಿ ಶುರುವಾದ ಸ್ಟಾಬಿಕ್ರಾಫ್ಟ್ ಕಂಪನಿ ಮೊದಲು ಬೋಟ್ ಕಟ್ಟಿಕೊಟ್ಟಿದ್ದು ಕಲ್ಲಿನ ದಡದಲ್ಲಿ ಮುಳುಗಿ ಪಾವಾ ಅನ್ನುವ ಚಿಪ್ಪುಜೀವಿ ತೆಗೆಯುವವರಿಗೆ. ಫಿನ್‌ಲ್ಯಾಂಡಿನಲ್ಲಿ ಬಸ್ಟರ್ ಕಂಪನಿಯ ಬೋಟುಗಳು ದ್ವೀಪದ ಮನೆಗಳಿಗೆ ಸಾಮಾನು ಸಾಗಿಸುತ್ತವೆ. ಅಲಾಸ್ಕಾದಲ್ಲಿ ಮುಂಬಾಗಿಲು ಮಡಚಿ ದಡಕ್ಕೆ ಇಳಿಸುವ ಮಾದರಿಗೆ ಬೇಡಿಕೆ. ಎಲ್ಲರೂ ಜೆಟ್ಟಿ ಇಲ್ಲದ ಕಡೆ ಹೋಗುವವರೇ. ಇತ್ತೀಚೆಗೆ ಅದೇ ರೂಪವನ್ನು 'ಅಡ್ವೆಂಚರ್' ಅಂತ ಮಾರುತ್ತಾರೆ. ದಪ್ಪ ಫೆಂಡರ್, ಮೇಲೆ ರ್ಯಾಕ್, ಕಪ್ಪು ಬಣ್ಣ. ನಮ್ಮ ಬಿಸಿಲಿಗೆ ಕಪ್ಪು ಬಣ್ಣ ಬೇಡವೇ ಬೇಡ. ಸಣ್ಣ ಬೋಟಿನ ಮೇಲೆ ಎತ್ತರಕ್ಕೆ ಭಾರ ಹೇರುವುದನ್ನೂ ನಾನು ಒಪ್ಪುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಇದು ಹೊಂದುವುದು ರಕ್ಷಣಾ ತಂಡಗಳಿಗೆ, ಹೊಳೆ ಸರ್ವೆ ಮಾಡುವವರಿಗೆ, ಕಲ್ಲಿನ ದಡಗಳಲ್ಲಿ ಗಾಳ ಹಾಕುವವರಿಗೆ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಕರೆದೊಯ್ಯುವವರಿಗೆ ತೆರೆದ ಸಮುದ್ರದ ದಾರಿಯೇ ಹತ್ತು ನಾಟಿಕಲ್ ಮೈಲಿಯ ಆಸುಪಾಸು. ಅವರಿಗೆ ಭಾರದ, ಆಳ ತಳದ ಫೈಬರ್ ಬೋಟೇ ಮೈಗೆ ಹಿತ.

ಗಟ್ಟಿ ಬೋಟ್ ಅಂದ ಮಾತ್ರಕ್ಕೆ ಇನ್ನಿಬ್ಬರು ಹತ್ತಬಹುದು ಅಂತ ಯಾರೂ ತಿಳಿಯಬಾರದು. 2019ರ ಜನವರಿಯಲ್ಲಿ ಕೂರ್ಮಗಡ ಜಾತ್ರೆಯಿಂದ ಮರಳುವ ದೋಣಿ ಮಗುಚಿ ಎಷ್ಟು ಜೀವ ಹೋದವು ಅನ್ನುವುದು ಇಲ್ಲಿಯವರಿಗೆಲ್ಲ ನೆನಪಿದೆ. ಲೈಫ್ ಜಾಕೆಟ್ ಕಟ್ಟಿಕೊಳ್ಳದವರನ್ನು ನಾನು ಹತ್ತಿಸುವುದಿಲ್ಲ, ಬೇಜಾರಾದರೂ ಸರಿ. ಕರಾವಳಿ ರಕ್ಷಣಾ ಪಡೆಯ 1554 ನಂಬರನ್ನು ಸ್ಟಿಯರಿಂಗ್ ಪಕ್ಕದಲ್ಲೇ ಬರೆದಿಟ್ಟಿದ್ದೇನೆ.

ಕೊಳ್ಳುವ ಮನಸ್ಸಿದ್ದರೆ ಮುಂಗಡ ಕೊಡುವ ಮೊದಲು ಯಾರ್ಡಿಗೆ ಹೋಗಿ. ತಗಡಿನ ಮೇಲಿನ ಗ್ರೇಡ್ ಮುದ್ರೆಯನ್ನು ಕಣ್ಣಾರೆ ನೋಡಿ, ತಗಡು ತಯಾರಿಸಿದ ಕಾರ್ಖಾನೆ ಕೊಡುವ ಮಿಲ್ ಸರ್ಟಿಫಿಕೇಟ್ ಕೇಳಿ. ನೆಲದ ಹಲಗೆ ಪೂರ್ತಿ ಬಿಚ್ಚಲು ಬರುತ್ತದಾ ಅಂತ ಬಿಚ್ಚಿಸಿ ನೋಡಿ. ಹಲಗೆಯನ್ನು ಬೆಸೆದು ಮುಚ್ಚಿದ್ದರೆ, ಕೆಳಗೆ ಬಿದ್ದ ನಾಣ್ಯವನ್ನು ನೀವು ತೆಗೆಯುವುದು ಹೇಗೆ?